ಫ್ಲ್ಯಾಶ್‌ನ ಖರಾಬು ಲೆಕ್ಕ

ಹೊಸ ಎಸ್‌ಎಸ್‌ಡಿ ಕೈಗೆ ಬಂದರೆ ಎಲ್ಲರೂ ಅದರ ವೇಗ ಅಳೆಯಲು ಕೂರುತ್ತಾರೆ. ಆ ಹುಚ್ಚು ನನಗೂ ಇದೆ. ಆದರೆ ಫ್ಲ್ಯಾಶ್ ಮೆಮೊರಿಯ ನಿಜವಾದ ರುಚಿ ಇರುವುದು ಅದರ ಕೆಟ್ಟ ಬ್ಲಾಕುಗಳಲ್ಲಿ.

ಎಸ್‌ಎಸ್‌ಡಿಯೊಳಗಿನ ನ್ಯಾಂಡ್ ಫ್ಲ್ಯಾಶ್ ಚಿಪ್ ಕೆಟ್ಟ ಬ್ಲಾಕುಗಳ ಸಮೇತವೇ ಮಾರಾಟವಾಗುವ ಸರಕು. 1024 ಬ್ಲಾಕುಗಳ ಪೈಕಿ 1004 ಸರಿಯಿದ್ದರೆ ಸಾಕು ಎನ್ನುವುದು ಹಳೆಯ ಡೇಟಾಶೀಟುಗಳಲ್ಲಿ ಮಾಮೂಲಿ ಷರತ್ತು. ಒಂದೂ ಕೆಡದ ಚಿಪ್ಪೇ ಬೇಕೆಂದು ಹಟ ಹಿಡಿದರೆ ಬೆಲೆ ಕೈಗೆಟುಕುವುದಿಲ್ಲ. ಹಾಗಾಗಿ ಪಹಣಿಯಲ್ಲಿ ಖರಾಬು ಜಮೀನನ್ನು ಬೇರೆಯಾಗಿ ತೋರಿಸುವಂತೆ, ಕಾರ್ಖಾನೆಯವರು ಕೆಟ್ಟ ಬ್ಲಾಕಿನ ಆರಂಭದ ಪುಟದ ಅಂಚಿನಲ್ಲಿ ಸಾಮಾನ್ಯವಾಗಿ ಒಂದು ಬೈಟ್ ಗುರುತು ಹಾಕಿ ಕಳಿಸುತ್ತಾರೆ. ಒಳ್ಳೆಯ ಬ್ಲಾಕಿನಲ್ಲಿ ಆ ಜಾಗ ಎಫ್‌ಎಫ್ ಎಂದಿರುತ್ತದೆ. ಬೇರೇನಾದರೂ ಕಂಡರೆ ಮುಟ್ಟಬಾರದು.

ಎಡವಟ್ಟಾಗುವುದು ಇಲ್ಲೇ. ಗುರುತು ಇರುವುದು ಅದೇ ಬ್ಲಾಕಿನೊಳಗೆ. ಬ್ಲಾಕ್ ಅಳಿಸಿದರೆ ಗುರುತೂ ಹೋಗಬಹುದು. ಕಾರ್ಖಾನೆಯಲ್ಲಿ ಬಿಸಿ, ಚಳಿ, ವೋಲ್ಟೇಜಿನ ಏರಿಳಿತಗಳಲ್ಲಿ ಪರೀಕ್ಷಿಸಿ ಹಿಡಿದ ದೋಷ ಮನೆಯ ಮೇಜಿನ ಮೇಲೆ ಮತ್ತೆ ಸಿಗುವ ಖಾತ್ರಿಯಿಲ್ಲ. ಹಳೆಯ ರೂಟರ್‌ಗೆ ಮರುಜೀವ ಕೊಡುವ ಉತ್ಸಾಹಿಗಳು ಯು-ಬೂಟ್ ಎಂಬ ಬೂಟ್‌ಲೋಡರ್‌ನ ‘ನ್ಯಾಂಡ್ ಸ್ಕ್ರಬ್’ ಆಜ್ಞೆಯಿಂದ ದೂರವಿರಲಿ. ‘ನ್ಯಾಂಡ್ ಇರೇಸ್’ ಕೆಟ್ಟ ಬ್ಲಾಕುಗಳನ್ನು ದಾಟಿಕೊಂಡು ಹೋಗುತ್ತದೆ, ಸ್ಕ್ರಬ್‌ಗೆ ಆ ದಾಕ್ಷಿಣ್ಯವಿಲ್ಲ.

ಬಳಕೆಯಲ್ಲಿ ಕೆಡುವವು ಬೇರೆ. ಬರೆದು ಅಳಿಸಿದಷ್ಟೂ ಕೋಶದ ಆಕ್ಸೈಡ್ ಪದರ ಸವೆಯುತ್ತದೆ. ಕೋಶಕ್ಕೆ ಒಂದೇ ಬಿಟ್ ಇಡುವ ಎಸ್‌ಎಲ್‌ಸಿ ಸುಮಾರು ಲಕ್ಷ ಸಲ ತಾಳಿದರೆ, ಮೂರು ಬಿಟ್ ತುರುಕುವ ಟಿಎಲ್‌ಸಿ ಕೆಲವು ಸಾವಿರಕ್ಕೇ ದಣಿಯುತ್ತದೆ. ಬ್ಲಾಕ್ ಕೈಕೊಟ್ಟರೆ ಕಂಟ್ರೋಲರ್ ಅದರಲ್ಲಿದ್ದುದನ್ನು ಮೀಸಲು ಬ್ಲಾಕಿಗೆ ಸಾಗಿಸಿ, ಕೆಟ್ಟದ್ದನ್ನು ಪಟ್ಟಿಗೆ ಸೇರಿಸುತ್ತದೆ. ಎನ್‌ವಿಎಂಇ ಡ್ರೈವ್‌ನಲ್ಲಿ ‘ಅವೈಲೆಬಲ್ ಸ್ಪೇರ್’ ಎಂಬ ಅಂಕಿ ಈ ಮೀಸಲು ಎಷ್ಟು ಉಳಿದಿದೆಯೆಂದು ಹೇಳುತ್ತದೆ. ಅದು 100ರಿಂದ ಇಳಿಯತೊಡಗಿದರೆ ಬ್ಯಾಕಪ್ ನಾಳೆಗೆ ಬೇಡ. ಅಗ್ಗದ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಇಂಥ ಯಾವ ಅಂಕಿಯನ್ನೂ ತೋರಿಸುವುದಿಲ್ಲ. ನಾನು ಅವನ್ನು ಫೈಲು ಸಾಗಿಸಲು ಬಳಸುತ್ತೇನೆಯೇ ಹೊರತು ಕೂಡಿಡಲು ಅಲ್ಲ.

ರಿಪೇರಿ ಅಂಗಡಿಗೆ ಒಯ್ಯಲಾಗದ ಫ್ಲ್ಯಾಶ್ ಎಂದರೆ ಮಂಗಳನ ಮೇಲಿದ್ದ ನಾಸಾದ ಆಪರ್ಚುನಿಟಿ ರೋವರ್‌ನದು. 2014ರಲ್ಲಿ ಅದಕ್ಕೆ ಮರೆವು ಕಾಡತೊಡಗಿತು. ಫ್ಲ್ಯಾಶ್‌ನ ಏಳು ಬ್ಯಾಂಕುಗಳಲ್ಲಿ ಏಳನೆಯದರ ಮೇಲೆ ಅನುಮಾನ. ಅದನ್ನು ಬಿಟ್ಟು ಆರನ್ನೇ ಬಳಸುವಂತೆ 2015ರಲ್ಲಿ ತಂತ್ರಾಂಶ ಬದಲಿಸಿದರು. ಆಗಲೂ ಮರೆವು ಪೂರ್ತಿ ನಿಲ್ಲಲಿಲ್ಲ. ಕೊನೆಗೆ ಫ್ಲ್ಯಾಶನ್ನು ನೆಚ್ಚದೆ, ಆಯಾ ದಿನದ ಮಾಹಿತಿಯನ್ನು ರ್‍ಯಾಮ್‌ನಲ್ಲಿಟ್ಟು, ರಾತ್ರಿ ರೋವರ್ ಆಫ್ ಆಗುವ ಮೊದಲೇ ರವಾನಿಸುವ ಪದ್ಧತಿಗೆ ಬಂದರು. 2018ರ ಜೂನ್‌ನಲ್ಲಿ ದೂಳುಗಾಳಿ ಕವಿಯುವವರೆಗೂ ಅದು ದುಡಿಯಿತು.