ಮೋಗ್ಲಿಂಗನ ಎರಡು ಕೈಗಳು

ಹೆರ್ಮನ್ ಮೋಗ್ಲಿಂಗ್ ಅಂದ್ರೆ ನಮಗೆಲ್ಲ ಜುಲೈ 1ಕ್ಕೆ ಮಾತ್ರ ನೆನಪಾಗುವ ಮನುಷ್ಯ. 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ, ಕನ್ನಡದ ಮೊದಲ ಪತ್ರಿಕೆ, ಹಾರ, ಭಾಷಣ, ಟೀ, ಮುಗೀತು. ಇನ್ನೊಂದು ಗುಂಪಿಗೆ ಅವನು ಮತಾಂತರಕ್ಕೆ ಬಂದ ಜರ್ಮನ್ ಪಾದ್ರಿ, ಅಷ್ಟೇ. ಬಾಸೆಲ್ ಮಿಶನ್ ಹಿನ್ನೆಲೆಯ ಹಳ್ಳಿ ಸಭೆಯಲ್ಲಿ ಬೆಳೆದ ನನ್ನಂಥವರಿಗೆ ಅವನು ಗೋಡೆ ಮೇಲಿನ ಫೋಟೋ. ಮೂರೂ ಕಡೆಯವರು ಅವನು ಬರೆದದ್ದನ್ನೂ ಅಚ್ಚು ಹಾಕಿಸಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡೋದಿಲ್ಲ ಅನ್ನೋದು ನನ್ನ ತಕರಾರು.

ಇಟ್ಟು ನೋಡಿ, ಮಜಾ ಇದೆ. ಒಂದು ಕೈಯಲ್ಲಿ 'ಜಾತಿ ವಿಚಾರಣೆ', 'ದೇವ ವಿಚಾರಣೆ'. ಹೆಸರಲ್ಲೇ ಕೋರ್ಟಿನ ವಾಸನೆ ಇದೆ ಅಂತ ನನಗನ್ನಿಸುತ್ತೆ. ಕಟಕಟೆಯಲ್ಲಿ ಊರವರ ಜಾತಿ, ಊರವರ ದೇವರು, ಪೀಠದಲ್ಲಿ ಪಾದ್ರಿ. ಇನ್ನೊಂದು ಕೈಯಲ್ಲಿ 1848ರಿಂದ 1853ರವರೆಗೆ ಮಂಗಳೂರಿನ ಕಲ್ಲಚ್ಚಿನಲ್ಲಿ ಹೊರಬಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆ: ಜೈಮಿನಿ ಭಾರತ, ಬಸವಪುರಾಣ, 1850ರಲ್ಲಿ ದಾಸರ ಪದಗಳು. ಇದಕ್ಕೆ ದುಡ್ಡು ಕೊಟ್ಟವನು ಕಾಸಾಮೇಜರ್ ಅಂತ ಒಬ್ಬ ನಿವೃತ್ತ ಜಡ್ಜ್. ವಿಚಾರಣೆ ಬರೆದವನು ಪಾದ್ರಿ, ವಿಷ್ಣುವಿನ ಹಾಡು ಅಚ್ಚು ಹಾಕ್ಸೋಕೆ ಹಣ ಕೊಟ್ಟವನು ನ್ಯಾಯಾಧೀಶ!

ಈ ಎರಡು ಕೈಗಳಲ್ಲಿ ಎರಡನೆಯದೇ ದೊಡ್ಡದು. ನಮ್ಮ ಆಫೀಸಲ್ಲಿ ಎರಡು ಥರದ ರಿವ್ಯೂವರ್‌ಗಳಿದ್ದಾರೆ. ಒಬ್ಬ ಕೋಡನ್ನು ಓಡಿಸಿಯೂ ನೋಡದೆ ಇಪ್ಪತ್ತು ಕಾಮೆಂಟ್ ಹಾಕ್ತಾನೆ. ಇನ್ನೊಬ್ಬ ತನ್ನ ಮೆಷಿನ್‌ಗೆ ಇಳಿಸಿಕೊಂಡು, ಸಾಲು ಸಾಲು ಓದಿ, ನೀನು ಯಾಕೆ ಹೀಗೆ ಬರೆದೆ ಅಂತ ಅರ್ಥ ಮಾಡಿಕೊಂಡ ಮೇಲೆ ಬಾಯಿ ಬಿಡ್ತಾನೆ. ದಾಸರ ಪದಗಳನ್ನು ಅಚ್ಚಿಗೆ ತರೋದು ಅಂದ್ರೆ ಈ ಎರಡನೆಯವನ ಕೆಲಸ. ಪದ ಸಂಗ್ರಹಿಸಬೇಕು, ಪಾಠ ನೋಡಬೇಕು, ಒಂದೊಂದು ಸಾಲೂ ತಪ್ಪಿಲ್ಲದೆ ಕಲ್ಲಿಗೆ ಇಳೀಬೇಕು. ಬೇರೆಯವರ ದೇವರ ಹೆಸರನ್ನು ನೂರಾರು ಸಲ, ಕಾಗುಣಿತ ಕೆಡದ ಹಾಗೆ, ಜೋಪಾನವಾಗಿ ಬರೆಸಿದ ಮನುಷ್ಯ ಅವನು. ಆಮೇಲೆ ಆ ಪದಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೂ ತಂದ. ನೆರೆಯವನನ್ನು ಪ್ರೀತಿಸೋದು ಅಂತ ನಮ್ಮ ಪ್ರಸಂಗಗಳಲ್ಲಿ ಬರೋ ಮಾತಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಹೊಳೆಯಲ್ಲ. ಆದ್ರೆ ಯಾವ ಪ್ರಸಂಗದಲ್ಲೂ ಇದು ನನ್ನ ಕಿವಿಗೆ ಬಿದ್ದಿಲ್ಲ.

'ಅದೂ ಮಿಶನ್ ಕೆಲಸಕ್ಕೇ ಅಲ್ವಾ, ಎದುರಾಳಿಯ ಪುಸ್ತಕ ಓದೋಕೆ?' ಅಂತ ಕೇಳಬಹುದು. ಇರಬಹುದು. ಮೋಗ್ಲಿಂಗ್ ಸರ್ವಧರ್ಮ ಸಮನ್ವಯದ ಸಂತ ಅಂತ ನಾನು ಹೇಳ್ತಿಲ್ಲ. ಅವನಿಗೆ ತನ್ನ ದಾರಿಯೇ ಸರಿ ಅನ್ನೋದರಲ್ಲಿ ಕೊನೆತನಕ ಸಂಶಯ ಇರಲಿಲ್ಲ. ನನಗೆ ಹಿಡಿಸೋದು ಇದೇ. ತನ್ನ ನಂಬಿಕೆಯನ್ನು ಒಂದಿಂಚೂ ಸಡಿಲ ಮಾಡದೆ ಇನ್ನೊಬ್ಬನ ನಂಬಿಕೆಗೆ ಪೂರ್ತಿ ಕಿವಿ ಕೊಡಬಹುದು ಅಂತ ಆ ಪುಸ್ತಕ ತೋರಿಸುತ್ತೆ. ಏನನ್ನೂ ನಂಬದವನು ಯಾರನ್ನೂ ತೀರ್ಪು ಮಾಡದೇ ಇರೋದರಲ್ಲಿ ಏನು ದೊಡ್ಡಸ್ತಿಕೆ?

'ಜಾತಿ ವಿಚಾರಣೆ'ಯ ಬಗ್ಗೆ ಮಾತ್ರ ಒಂದು ಮಾತು. ಅದನ್ನೂ 'ದೇವ ವಿಚಾರಣೆ'ಯನ್ನೂ ಒಂದೇ ಗೂಟಕ್ಕೆ ಕಟ್ಟೋದು ತಪ್ಪು. ಮತ್ತಾಯನ ಸುವಾರ್ತೆಯ ಏಳನೇ ಅಧ್ಯಾಯದ ರವೆ-ತೊಲೆಯ ಮಾತನ್ನು ನಮ್ಮಲ್ಲಿ ಅನುಕೂಲಕ್ಕೆ ತಕ್ಕ ಹಾಗೆ ಎತ್ತಾಡ್ತಾರೆ. ಹಳ್ಳಿಯಲ್ಲಿ ಯಾರಿಗೋ ಅಂಗಳದ ಹೊರಗೆ ತೆಂಗಿನ ಚಿಪ್ಪಲ್ಲಿ ನೀರು ಹೊಯ್ಯೋದನ್ನು ನೋಡಿಯೂ 'ತೀರ್ಪು ಮಾಡಬಾರದು' ಅಂದ್ರೆ ಅದು ಪ್ರೀತಿಯಲ್ಲ, ಸೋಮಾರಿತನ. ಅನ್ಯಾಯಕ್ಕೆ ತೀರ್ಪು ಬೇಕು. ಅದನ್ನು ಅವನು ಬರೀ ಪುಸ್ತಕದಲ್ಲಿ ಬಿಡಲಿಲ್ಲ, ಮುಂದೆ ಕೊಡಗಿನಲ್ಲಿ ದಲಿತ ಕೂಲಿಗಳಿಗಾಗಿ ಆನಂದಪುರ ಕಟ್ಟಿದ. ಪಕ್ಕದ ಮನೆಯವನ ದೇವರಿಗೆ ಮಾರ್ಕ್ಸ್ ಹಾಕೋದು ಬೇರೆಯೇ ಕೆಲಸ.

ಆ ಬೇರೆ ಕೆಲಸ ಇನ್ನೂ ನಿಂತಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿ ಆಯ್ತು. ಮಿಲಾಗ್ರಿಸ್ ಹತ್ತಿರದ ಆರಾಧನಾ ಮಠವನ್ನೂ ಬಿಡಲಿಲ್ಲ. ಅತ್ತಾವರದ ನನ್ನ ಬಾಡಿಗೆ ಮನೆಯಿಂದ ಅದು ನಡೆದು ಹೋಗುವಷ್ಟೇ ದೂರ. ಆಗ ನೆಪವಾಗಿ ಎಲ್ಲರ ಬಾಯಲ್ಲಿ ಬಂದದ್ದು 'ಸತ್ಯದರ್ಶಿನಿ' ಅನ್ನೋ ಪುಸ್ತಿಕೆ, ಅದರಲ್ಲಿ ಹಿಂದೂ ದೇವತೆಗಳ ನಿಂದೆ ಇದೆ ಅಂತ. ಯಾವ ಪುಸ್ತಿಕೆಯೂ ಕಲ್ಲೆಸೆತಕ್ಕೆ ಪರವಾನಗಿ ಅಲ್ಲ. ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಜಾತಿಯ ಬರಹವನ್ನು ಬರಹವಾಗಿ ನೋಡಿದರೆ ಅದು ಕೆಟ್ಟ ಬರಹವೇ. ಇನ್ನೊಬ್ಬನ ಪುರಾಣದಿಂದ ಬೇಕಾದ ತುಂಡು ಹರಿದು ತಂದು, ಮುಜುಗರ ಮಾಡಿ, ಗೆದ್ದೆ ಅನ್ನೋದು. ಅದಕ್ಕೆ ಭಕ್ತಿಯೂ ಬೇಡ, ಓದೂ ಬೇಡ. 'ದೇವ ವಿಚಾರಣೆ'ಯ ಮೊಮ್ಮಕ್ಕಳು ಇವರು; ದಾಸರ ಪದದ ಕಡೆಯಿಂದ ಮೋಗ್ಲಿಂಗನಿಗೆ ಮೊಮ್ಮಕ್ಕಳು ಯಾಕೋ ಕಮ್ಮಿ.

ಅವನ ಪ್ರೀತಿಗೂ ಬೆಲೆ ತೆತ್ತವರಿದ್ದಾರೆ. 1844ರ ಜನವರಿಯಲ್ಲಿ ಮಿಶನ್ ಶಾಲೆಯ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತಗೊಂಡಾಗ ಊರು ರೊಚ್ಚಿಗೆದ್ದಿತು. ಅವನನ್ನು ಮೋಗ್ಲಿಂಗ್ ಮಗನ ಹಾಗೆ ನೋಡಿಕೊಂಡ, ಬಾಸೆಲ್‌ಗೆ ಕರೆದುಕೊಂಡು ಹೋದ. 1851ರಲ್ಲಿ ಕೌಂಡಿನ್ಯ ಪಾದ್ರಿಯಾದ. ಚೆಂದದ ಕಥೆ, ಸಂಡೇ ಸ್ಕೂಲಿನಲ್ಲಿ ಹೇಳ್ತಾರೆ. ಆದರೆ ಅವನ ಹೆಂಡತಿ ಅವನ ಜೊತೆ ಹೋಗಲಿಲ್ಲ. ಅವಳು ಉಳಿದ ದಿನಗಳನ್ನು ಹೇಗೆ ಕಳೆದಳು ಅನ್ನೋದಕ್ಕೆ ಆ ಕಥೆಯಲ್ಲಿ ಜಾಗ ಇಲ್ಲ. ಒಂದು ಕಡೆಯವರು ಅವಳನ್ನು ನಂಬಿಕೆಯಿಲ್ಲದವಳು ಅಂದಿರಬೇಕು, ಇನ್ನೊಂದು ಕಡೆಯವರು ಕೆಟ್ಟವನ ಹೆಂಡತಿ ಅಂದಿರಬೇಕು.

ನನಗೆ ಗೊತ್ತಿರುವ ಒಂದು ಸಭೆಯಲ್ಲಿ ಎರಡು ವರ್ಷದ ಹಿಂದೆ ಹುಡುಗಿಯೊಬ್ಬಳು ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಯಾರೂ ಬೈಯಲಿಲ್ಲ, ನಾವೆಲ್ಲ ಓದಿದವರು ನೋಡಿ. ವಾಟ್ಸಾಪ್ ಗುಂಪಿನಿಂದ ಹೆಸರು ಹೋಯ್ತು, ಕಾಯರ್‌ನಲ್ಲಿ ಅವಳು ನಿಲ್ಲುತ್ತಿದ್ದ ಕಡೆ ಬೇರೆಯವರು ಬಂದರು. 1844ರಲ್ಲಿ ಕೌಂಡಿನ್ಯನ ಮನೆಯವರು ಮಾಡಿದ್ದನ್ನು ಕ್ರೌರ್ಯ ಅಂತ ಕಲಿಸಿದ ಅದೇ ಸಂಡೇ ಸ್ಕೂಲ್ ಟೀಚರ್ ಈಗ ಅವಳು ಎದುರು ಸಿಕ್ಕರೆ ಫೋನ್ ನೋಡಿಕೊಂಡು ದಾಟಿ ಹೋಗ್ತಾರೆ. ಕ್ರಿಸ್ಮಸ್‌ಗೆ ಕುಸ್ವಾರ್ ಮಾತ್ರ ಅವಳ ಅಮ್ಮ ಕೊರಿಯರ್‌ನಲ್ಲಿ ಕಳಿಸ್ತಾರೆ, ಕಳಿಸಿದವರ ಹೆಸರು ಬರೆಯದೆ.