ಸಣ್ಣಕತೆಯ ಬೋಧನೆಯೂ ಕಾಲದ ಅರಿವೂ: ‘ರಂಗನ ಮದುವೆ’ಯ ನಿಮಿತ್ತವಾಗಿ

ಆರು, ಏಳು, ಎಂಟನೆಯ ತರಗತಿಗಳ ಮಕ್ಕಳಿಗೆ ಒಂದು ಸಣ್ಣಕತೆಯನ್ನು ಬೋಧಿಸುವಾಗ ಅದರ ಚಾರಿತ್ರಿಕ ಹಿನ್ನೆಲೆಯನ್ನು ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಬೋಧನಕ್ರಮಕ್ಕೆ ಮಾತ್ರ ಸಂಬಂಧಿಸಿದ್ದಾಗಿ ತೋರುತ್ತದೆ. ವಿಚಾರ ಮಾಡಿ ನೋಡಿದರೆ ಅದು ವಿಮರ್ಶೆಯ ಪ್ರಶ್ನೆಯೇ ಆಗಿದೆ. ತರಗತಿಗಳಲ್ಲಿ ಈಗ ರೂಢಿಯಲ್ಲಿರುವುದು ‘ಲೇಖಕರ ಪರಿಚಯ’ವೆಂಬ ನಾಲ್ಕು ಸಾಲು: ಹುಟ್ಟಿದ ವರ್ಷ, ಊರು, ಕೃತಿಗಳು, ಪ್ರಶಸ್ತಿ. ಮಗು ಅದನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆತುಬಿಡುತ್ತದೆ. ಇದು ಲೇಖಕನ ಕಾಲವೇ ಹೊರತು ಕತೆಯ ಕಾಲವಲ್ಲ. ಇದಕ್ಕೆ ಬೇಸತ್ತ ಕೆಲವು ಉತ್ಸಾಹಿ ಉಪಾಧ್ಯಾಯರು ಕತೆಗೆ ಮೊದಲೇ ಅರ್ಧ ಗಂಟೆಯ ಇತಿಹಾಸವನ್ನು ಉಪನ್ಯಾಸ ಮಾಡುತ್ತಾರೆ. ಆಗ ಕತೆ ಆ ಉಪನ್ಯಾಸಕ್ಕೆ ಒಂದು ಉದಾಹರಣೆಯಾಗಿ ಉಳಿಯುತ್ತದೆ. ಕತೆ ಕೇಳುವ ಸುಖ ಮಗುವಿಗೆ ತಪ್ಪಿಹೋಗುತ್ತದೆ. ಈ ಎರಡನೆಯ ದೋಷ ಮೊದಲನೆಯದಕ್ಕಿಂತ ಹೆಚ್ಚು ಹಾನಿಕರವೆಂದೇ ಹೇಳಬೇಕು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ರಂಗನ ಮದುವೆ’ಯನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಬಹುದು. ೧೯೧೦ರ ಸುಮಾರಿನಲ್ಲಿ ರಚಿತವಾದ ಈ ಕತೆ ೧೯೨೦ರಲ್ಲಿ ‘ಕೆಲವು ಸಣ್ಣ ಕತೆಗಳು’ ಸಂಕಲನದಲ್ಲಿ ಬೆಳಕು ಕಂಡಿತು. ಹೊಸಹಳ್ಳಿಯ ಕರಣಿಕರ ಮಗ ರಂಗ ಬೆಂಗಳೂರಿನಲ್ಲಿ ಇಂಗ್ಲಿಷು ಓದಿ ಊರಿಗೆ ಮರಳುತ್ತಾನೆ. ಮದುವೆಯ ಮಾತು ಬಂದಾಗ, ತಿಳಿವಳಿಕೆ ಬಂದ ವಯಸ್ಸಿನ ಹೆಣ್ಣಾಗಬೇಕು, ತಾನು ಮೆಚ್ಚಿದವಳಾಗಬೇಕು ಎನ್ನುತ್ತಾನೆ. ಕತೆ ಹೇಳುವ ಶ್ಯಾಮನಿಗೆ ಈ ಮಾತು ರುಚಿಸುವುದಿಲ್ಲ. ತಂದೆತಾಯಿಗಳನ್ನು ಕಳೆದುಕೊಂಡು ರಾಮರಾಯರ ಮನೆಗೆ ಬಂದಿದ್ದ ಅವರ ಸೋದರಿಕೆಯ ಹುಡುಗಿ ರತ್ನ ಚೆನ್ನಾಗಿ ಹಾಡುವವಳು. ಅವಳು ಹಾಡುತ್ತಿರುವ ಹೊತ್ತಿಗೆ ರಂಗ ಬರುವಂತೆ ಶ್ಯಾಮ ಹೂಟ ಹೂಡುತ್ತಾನೆ. ಅವಳಿಗೆ ಮದುವೆಯಾಗಿದೆ ಎಂದು ಸುಳ್ಳು ಹೇಳಿ ಅವನ ಆಸೆಯನ್ನು ಕೆರಳಿಸುತ್ತಾನೆ. ಜೋಯಿಸರಿಗೆ ಮೊದಲೇ ಪಾಠ ಹೇಳಿಕೊಟ್ಟು ಶಾಸ್ತ್ರವನ್ನೂ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ಮದುವೆ ನಡೆಯುತ್ತದೆ.

ಮಕ್ಕಳು ಇದನ್ನು ಕೇಳಿ ನಗುತ್ತಾರೆ. ನಗಬೇಕು. ಆ ನಗೆಯನ್ನು ಮೊದಲೇ ತಡೆಯುವ ಉಪಾಧ್ಯಾಯರು ಮಾಸ್ತಿಯವರ ಕಲೆಗೆ ಅನ್ಯಾಯ ಮಾಡಿದಂತೆ. ಆದರೆ ರತ್ನಳ ವಯಸ್ಸು ಹನ್ನೊಂದು. ಆರನೆಯ ತರಗತಿಯ ಬೆಂಚಿನ ಮೇಲೆ ಕುಳಿತು ಈ ಕತೆ ಕೇಳುವ ಹುಡುಗಿಯ ವಯಸ್ಸೂ ಅದೇ. ನಗೆ ತಣಿದ ಮೇಲೆ ಅವಳಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ರತ್ನಳನ್ನು ಯಾರೂ ಕೇಳಲಿಲ್ಲವೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ, ‘ಆ ಕಾಲದಲ್ಲಿ ಹಾಗೆಯೇ ಇತ್ತು’ ಎಂಬುದು.

ಈ ಒಂದು ವಾಕ್ಯವನ್ನು ಪರಿಶೀಲಿಸಬೇಕಾಗಿದೆ. ಇತಿಹಾಸದ ವೇಷದಲ್ಲಿ ಬರುವ ಈ ಮಾತು ಇತಿಹಾಸವನ್ನೇ ಮುಚ್ಚಿಬಿಡುತ್ತದೆ. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ನಡೆದರು, ಹಾಗೆಯೇ ಒಪ್ಪಿದರು ಎಂಬ ಭಾವನೆಯನ್ನು ಅದು ಮಗುವಿನಲ್ಲಿ ಬಿತ್ತುತ್ತದೆ. ಇದಕ್ಕೆ ವಿರುದ್ಧವಾದ ಮೊದಲ ಸಾಕ್ಷಿ ಕತೆಯ ಒಳಗೇ ಇದೆ. ಎಳೆಯ ಹುಡುಗಿಯನ್ನು ಮದುವೆಯಾಗಬಾರದು ಎನ್ನುವವನು ಇಂದಿನ ಸುಧಾರಕನಲ್ಲ, ಕತೆಯ ನಾಯಕನಾದ ರಂಗನೇ. ಅಂಥ ವಿಚಾರ ಹೊಸಹಳ್ಳಿಯವರೆಗೂ ಬಂದಿತ್ತು. ಅದರೊಡನೆ ವಾದ ಹೂಡದೆ ಉಪಾಯದಿಂದ ಗೆಲ್ಲುವುದೇ ಶ್ಯಾಮನ ಸಾಹಸ. ಕತೆಯ ಹಾಸ್ಯವೆಲ್ಲ ಆ ಕಾಲದ ಈ ವಿವಾದದಿಂದಲೇ ಹುಟ್ಟಿದೆ. ವಿವಾದವೇ ಇಲ್ಲದಿದ್ದರೆ ಕತೆಯೇ ಇರುತ್ತಿರಲಿಲ್ಲ.

ಕತೆಯ ಹೊರಗಿನ ಸಾಕ್ಷಿ ಇನ್ನೂ ಪ್ರಬಲವಾದುದು. ಮುಂಬಯಿಯ ರುಖಮಾಬಾಯಿ ಎಂಬವರಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿತ್ತು. ಗಂಡನ ಮನೆಗೆ ಹೋಗಲು ಆಕೆ ಒಪ್ಪದಿರಲು ೧೮೮೪ರಲ್ಲಿ ಆತ ನ್ಯಾಯಾಲಯದ ಮೆಟ್ಟಿಲೇರಿದನು. ಗಂಡನೊಡನೆ ಬಾಳಬೇಕು, ಇಲ್ಲವೇ ಸೆರೆಮನೆಗೆ ಹೋಗಬೇಕು ಎಂದು ೧೮೮೭ರಲ್ಲಿ ಆಜ್ಞೆಯಾದಾಗ ಆಕೆ ಸೆರೆಮನೆಯೇ ಲೇಸೆಂದರು. ೧೮೮೮ರಲ್ಲಿ ರಾಜಿಯಾಯಿತು. ಮುಂದೆ ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಓದಿ ೧೮೯೪ರಲ್ಲಿ ಡಾಕ್ಟರಾದರು. ರತ್ನಳ ವಯಸ್ಸಿನಲ್ಲಿಯೇ ಮದುವೆಯಾದ ಹೆಣ್ಣುಮಗಳೊಬ್ಬಳು, ರತ್ನಳ ಕತೆ ಹುಟ್ಟುವುದಕ್ಕೆ ಎರಡು ದಶಕಗಳಿಗೂ ಹಿಂದೆ, ‘ಒಲ್ಲೆ’ ಎಂದು ಹೇಳಿ ಆ ಮಾತನ್ನು ಇಡೀ ದೇಶವೇ ಕೇಳಿತ್ತು. ಇದನ್ನು ಅರಿತ ಮಗು ‘ಆ ಕಾಲ’ವನ್ನು ಬೇರೊಂದು ಕಣ್ಣಿನಿಂದ ನೋಡುತ್ತದೆ.

ಕಾನೂನಿನ ವಿಷಯದಲ್ಲಿ ಉಪಾಧ್ಯಾಯರು ಇನ್ನಷ್ಟು ಎಚ್ಚರದಿಂದಿರಬೇಕು. ಬಾಲ್ಯವಿವಾಹದ ಮಾತು ಬಂದೊಡನೆ ಶಾರದಾ ಕಾಯಿದೆಯನ್ನು ಹೇಳುವುದು ವಾಡಿಕೆಯಾಗಿದೆ. ಹರ್‌ಬಿಲಾಸ್ ಸಾರ್ಡಾ ಅವರ ಹೆಸರಿನಿಂದ ಬಂದ ಆ ಕಾಯಿದೆ ೧೯೨೯ರದು. ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ವರ್ಷವೆಂದು ಅದು ಗೊತ್ತುಮಾಡಿತು. ಆದರೆ ಈ ಕತೆಗೆ ಅದು ಎರಡು ರೀತಿಯಲ್ಲಿ ಹೊಂದುವುದಿಲ್ಲ. ಕತೆ ಹುಟ್ಟಿ ಸುಮಾರು ಎರಡು ದಶಕಗಳಾದ ಮೇಲೆ ಬಂದದ್ದು ಅದು. ಅಲ್ಲದೆ ಅದು ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸಿದ ಕಾಯಿದೆ. ಹೊಸಹಳ್ಳಿಯಾದರೋ ಮೈಸೂರು ಸಂಸ್ಥಾನದ್ದು. ಅಲ್ಲಿ ಶೇಷಾದ್ರಿ ಅಯ್ಯರರು ದಿವಾನರಾಗಿದ್ದಾಗ, ೧೮೯೪ರಲ್ಲಿಯೇ, ಶಿಶುವಿವಾಹವನ್ನು ತಡೆಯುವ ಶಾಸನವೊಂದು ಜಾರಿಗೆ ಬಂದಿತ್ತು. ಅದು ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸುವುದನ್ನೂ ನಿಷೇಧಿಸಿತು. ಈ ಶಾಸನದ ಪ್ರಕಾರ ರತ್ನಳ ಮದುವೆಯಲ್ಲಿ ಯಾವ ತಪ್ಪೂ ಇರಲಿಲ್ಲ. ಎಂಟು ವರ್ಷವೆಂಬ ಗೆರೆಯನ್ನು ಎಳೆಯುವುದೇ ಅಂದು ದಿಟ್ಟತನವೆನಿಸಿತ್ತು ಎಂಬ ಸಂಗತಿಯನ್ನು ಮಕ್ಕಳ ಮುಂದಿಟ್ಟರೆ ಸಾಕು. ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ತಿಳಿದುದನ್ನೆಲ್ಲ ಹೇಳಬೇಕೆಂದೇನೂ ಇಲ್ಲ. ೧೮೯೧ರಲ್ಲಿ ಬ್ರಿಟಿಷ್ ಸರ್ಕಾರವು ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದುದರ ಹಿಂದೆ ಬಂಗಾಳದ ಎಳೆಯ ಹೆಂಡತಿಯೊಬ್ಬಳ ದಾರುಣ ಮರಣವಿದೆ. ಉಪಾಧ್ಯಾಯನು ಅದನ್ನು ಅರಿತಿರಲೇಬೇಕು. ಹನ್ನೊಂದರ ಮಕ್ಕಳಿಗೆ ಅದನ್ನು ವಿವರಿಸುವುದು ಮಾತ್ರ ಅವಿವೇಕ. ಅರಿತವನ ದನಿಯಲ್ಲಿ ಬರುವ ಗಾಂಭೀರ್ಯವೇ ಅಲ್ಲಿ ಸಾಕಾಗುತ್ತದೆ.

ಕತೆಯಲ್ಲಿ ಮದುವೆಯೊಂದೇ ಅಲ್ಲ, ಇಂಗ್ಲಿಷಿನ ಪ್ರವೇಶವೂ ಇದೆ. ಚಿಲ್ಲರೆ ಇಲ್ಲವೆಂಬುದನ್ನು ಇಂಗ್ಲಿಷು ಮಾತಿನಲ್ಲಿ ಕೇಳಿದ ಸೌದೆ ಮಾರುವವಳು ಅರ್ಥವಾಗದೆ ಗೊಣಗಿಕೊಂಡು ಹೋಗುವ ಪ್ರಸಂಗ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಅವಳ ದುಡಿಮೆಯ ಕಾಸು ಆ ಹೊತ್ತಿಗೆ ಕೈಸೇರಲಿಲ್ಲ ಎಂಬುದನ್ನೂ ತೋರಿಸಬೇಕು. (ಸೌದೆಯ ಹೊರೆ ಮಾರಿ ಬಾಳಿದ ಮೋಳಿಗೆಯ ಮಾರಯ್ಯನನ್ನು ಬಲ್ಲ ಓದುಗರಿಗೆ ಈ ಹೆಂಗಸು ಬರಿಯ ನಗೆಯ ಪಾತ್ರವಾಗಿ ಕಾಣಲಾರಳು. ವಚನಗಳನ್ನು ಆಡಿದವರ ಕಾಯಕವನ್ನು ಬಿಟ್ಟು ಗೋಡೆಯ ಮೇಲಿನ ಸುಭಾಷಿತಗಳಂತೆ ಕಲಿಸುವುದೂ ಇದೇ ಬಗೆಯ ಮರೆವು.)

ಇನ್ನು ಮಾಸ್ತಿಯವರ ನಿಲುವಿನ ಪ್ರಶ್ನೆ. ಶ್ಯಾಮನ ಮಾತನ್ನೇ ಲೇಖಕರ ಮಾತೆಂದು ತಿಳಿದು ಅವರನ್ನು ಸಂಪ್ರದಾಯವಾದಿಯೆಂದು ಕರೆಯುವುದು ಸುಲಭ. ಮಾಸ್ತಿಯವರು ಹುಟ್ಟಿದ್ದು ೧೮೯೧ರಲ್ಲಿ. ಈ ಕತೆ ಬರೆದಾಗ ಅವರಿಗೆ ಇನ್ನೂ ಇಪ್ಪತ್ತರ ಆಸುಪಾಸು; ವಯಸ್ಸಿನಿಂದಲೂ ವಿದ್ಯೆಯಿಂದಲೂ ಅವರು ರಂಗನ ಸಾಲಿನವರು. ಹಾಗಿದ್ದೂ ಊರಿನ ಹಿರಿಯನ ದನಿಯನ್ನು ತಳೆದು ತಮ್ಮಂಥ ಓದಿದ ಹುಡುಗನನ್ನೇ ನಗೆಗೆ ಗುರಿಮಾಡಿದ್ದಾರೆ. ‘ಲೇಖಕರ ಪರಿಚಯ’ದಲ್ಲಿ ಕಂಠಪಾಠವಾಗುವ ಹುಟ್ಟಿದ ವರ್ಷಕ್ಕೆ ಈಗಲಾದರೂ ಅರ್ಥ ಬಂದೀತು. ಇಷ್ಟರಿಂದಲೇ ಕತೆಯನ್ನು ಸುಧಾರಣೆಯ ಕತೆಯೆಂದು ಮಾಡಹೊರಡುವುದೂ ಸರಿಯಲ್ಲ. ಮಾಸ್ತಿಯವರು ಶ್ಯಾಮನನ್ನು ಗೆಲ್ಲಿಸಿದ್ದಾರೆ. ರಂಗನ ಆದರ್ಶ ಒಂದು ಹಾಡಿನ ಮುಂದೆ ಕರಗಿತೆಂದು ಸಂತೋಷದಿಂದಲೇ ಹೇಳಿದ್ದಾರೆ. ರತ್ನಳ ಮನಸ್ಸನ್ನು ಮಾತ್ರ ಕತೆ ಒಮ್ಮೆಯೂ ಪ್ರವೇಶಿಸುವುದಿಲ್ಲ. ಅದು ಈ ಕತೆಯ ಮಿತಿಯೆಂದು ಗೌರವದಿಂದಲೇ ಹೇಳಬಹುದು, ಹೇಳಬೇಕು.

‘ಆ ಕಾಲ’ ಕಳೆದುಹೋಯಿತೆಂದು ಹೇಳುವಂತೆಯೂ ಇಲ್ಲ. ೨೦೦೬ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆ ಬಂದಿತು. ಅದಕ್ಕೆ ಕರ್ನಾಟಕವು ೨೦೧೬ರಲ್ಲಿ ತಂದ ತಿದ್ದುಪಡಿಯ ಮೇರೆಗೆ ಇಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹೀಗಿದ್ದರೂ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ರಾಜ್ಯದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಸ್ತ್ರೀಯರ ಪೈಕಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಕತೆ ಕೇಳುತ್ತಿರುವ ಮಗುವಿನ ಅಕ್ಕನೇ ಅವರಲ್ಲಿ ಒಬ್ಬಳಾಗಿರಬಹುದು. ಆದುದರಿಂದ ಹೆಸರು ಹಿಡಿದು, ಜಾತಿ ಹಿಡಿದು, ಮನೆ ಹಿಡಿದು ಈ ವಿಷಯವನ್ನು ಚರ್ಚಿಸಲಾಗದು. ಚರ್ಚೆ ಹೊಸಹಳ್ಳಿಯಲ್ಲಿಯೇ ನಡೆಯಲಿ. ಮಗು ತನಗೆ ಬೇಕಾದಾಗ ತನ್ನ ಮನೆಯವರೆಗೆ ಅದನ್ನು ಒಯ್ದೀತು. ಮಗುವಿಗೆ ಕತೆ ಕೊಡುವ ರಕ್ಷೆ ಇದೇ, ಬರಿಯ ಇತಿಹಾಸಪಾಠದಲ್ಲಿ ಅದು ಇಲ್ಲ.

ಹೀಗಾಗಿ ಮೊದಲ ದಿನ ಕತೆಯನ್ನು ಓದಿ ಬಿಡಬೇಕು. ನಗೆ ನಗೆಯಾಗಿಯೇ ಇರಲಿ. ಎರಡನೆಯ ದಿನ ೧೮೮೪, ೧೮೯೪, ೧೯೧೦, ೧೯೨೯ ಎಂಬ ನಾಲ್ಕು ಇಸವಿಗಳನ್ನು ಹಲಗೆಯ ಮೇಲೆ ಬರೆದು ರಂಗನನ್ನೂ ರುಖಮಾಬಾಯಿಯನ್ನೂ ಎದುರುಬದುರು ನಿಲ್ಲಿಸಬಹುದು. ಮೂರನೆಯ ದಿನ ಮತ್ತೆ ಕತೆಗೇ ಮರಳಬೇಕು. ಶ್ಯಾಮನ ಮನೆಯಲ್ಲಿ ರತ್ನ ಹಾಡುತ್ತಿರುವಾಗ ರಂಗ ಬಾಗಿಲಿಗೆ ಬರುತ್ತಾನೆ. ಅವನನ್ನು ಕಂಡೊಡನೆ ಅವಳು ಹಾಡು ನಿಲ್ಲಿಸುತ್ತಾಳೆ. ಕತೆಯಲ್ಲಿ ಅವಳು ತಾನಾಗಿ ಮಾಡಿದ ಕೆಲಸವೆಂದರೆ ಬಹುಶಃ ಅದೊಂದೇ. ಅಂದು ಮನೆಗೆ ಮರಳಿ ರತ್ನ ತನ್ನ ಜೊತೆಯ ಹುಡುಗಿಗೆ ಏನು ಹೇಳಿದಳು ಎಂಬುದನ್ನು ಮಕ್ಕಳು ಹತ್ತು ಸಾಲಿನಲ್ಲಿ ಬರೆಯಲಿ. ನಾಚಿಕೆಯಾಯಿತು ಎಂದು ಬರೆಯುವವರೂ ಇರುತ್ತಾರೆ, ಹಾಡು ಮುಗಿಸಬೇಕೆನಿಸಿತ್ತು ಎಂದು ಬರೆಯುವವರೂ ಇರುತ್ತಾರೆ. ಎರಡಕ್ಕೂ ಅಂಕ ಕೊಡಬೇಕು.