ರೂಪಾಂತರದ ಅವಧಿ ಮತ್ತು ಬೆಲೆ: ತೊಗಲುಗೊಂಬೆಯಾಟ ಹಾಗೂ ಕಾಳಗದ ವಿಡಿಯೋ ಆಟ

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡ ಹೋಬಳಿ ಮತ್ತು ಅದರ ಸುತ್ತಲಿನ ಹಳ್ಳಿಗಳು ಬಯಲಾಟ ಹಾಗೂ ತೊಗಲುಗೊಂಬೆಯಾಟಗಳ ಸೀಮೆಗೆ ಸೇರಿದವು. ಇದೇ ತಾಲ್ಲೂಕಿನ ಮೊರನಾಳದ ಹಿರಿಯ ಗೊಂಬೆಯಾಟದ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಿತು. ಗೊಂಬೆಯಾಟದ ಪರದೆಯನ್ನೂ ಇಂದಿನ ಮಕ್ಕಳ ವಿಡಿಯೋ ಆಟದ ಪರದೆಯನ್ನೂ ಎದುರುಬದುರು ನಿಲ್ಲಿಸಿ, ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಹಳಿಯುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಇವೆರಡನ್ನೂ ಅವುಗಳ ರಚನೆಯ ನೆಲೆಯಲ್ಲಿ ಹೋಲಿಸಿ ನೋಡುವ ಪ್ರಯತ್ನ ವಿರಳ. ಕಾಳಗದ ನಡುವೆ ಪಾತ್ರವೊಂದು ಸ್ವಲ್ಪ ಹೊತ್ತಿನ ಮಟ್ಟಿಗೆ ತಳೆಯುವ ಬೇರೊಂದು ರೂಪವನ್ನು ಎತ್ತಿಕೊಂಡು ಅಂತಹ ಹೋಲಿಕೆಯನ್ನು ಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ವಿಡಿಯೋ ಆಟದ ಸ್ವರೂಪವನ್ನು ಗಮನಿಸಬಹುದು. ಸ್ವಲ್ಪ ಹೊತ್ತು ಮಾತ್ರ ಬಲ ನೀಡುವ ವಸ್ತು ಈ ಆಟಗಳಲ್ಲಿ ಹಳೆಯದು. 1980ರ 'ಪ್ಯಾಕ್‌ಮ್ಯಾನ್'ನಲ್ಲಿ ದೊಡ್ಡ ಗುಳಿಗೆಯನ್ನು ನುಂಗಿದ ನಾಯಕ ತನ್ನನ್ನು ಅಟ್ಟುತ್ತಿದ್ದ ಭೂತಗಳನ್ನೇ ಕೆಲವು ಕ್ಷಣ ಅಟ್ಟುತ್ತಾನೆ. ಕಾಳಗದ ಆಟಗಳಲ್ಲಿ ಇದರ ಬೆಳೆದ ರೂಪ, ಜಪಾನಿನ ನಿಂಟೆಂಡೊ ಸಂಸ್ಥೆ 2008ರಲ್ಲಿ ಹೊರತಂದ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್' ಆಟದ 'ಸ್ಮ್ಯಾಶ್ ಬಾಲ್'. ಇದು ರಣರಂಗದಲ್ಲಿ ತೇಲುತ್ತ ಬರುವ ಹೊಳೆಯುವ ಚೆಂಡು. ಅದನ್ನು ಹೊಡೆದು ಒಡೆದವನಿಗೆ ಒಮ್ಮೆ ಮಾತ್ರ ಪ್ರಯೋಗಿಸಬಹುದಾದ ಪರಮಾಸ್ತ್ರ ದೊರೆಯುತ್ತದೆ. ಕೆಲವು ಪಾತ್ರಗಳಿಗೆ ಈ ಅಸ್ತ್ರವೇ ರೂಪಾಂತರ: ಬೌಸರ್ ಎಂಬ ಪಾತ್ರ ದೈತ್ಯಾಕಾರದ ಗಿಗಾ ಬೌಸರ್ ಆಗುತ್ತದೆ, ಸೋನಿಕ್ ಹೊಂಬಣ್ಣ ತಳೆದು ಹಾರುತ್ತದೆ. ಅವಧಿ ಮುಗಿದೊಡನೆ ಎರಡೂ ಮೊದಲಿನ ರೂಪಕ್ಕೆ ಮರಳುತ್ತವೆ. ಚೆಂಡನ್ನು ಒಡೆದವನು ಅಸ್ತ್ರವನ್ನು ಬಳಸುವ ಮುನ್ನ ಬಲವಾದ ಪೆಟ್ಟು ತಿಂದರೆ ಅದು ಅವನ ಕೈತಪ್ಪಲೂಬಹುದು.

ಇನ್ನು ತೊಗಲುಗೊಂಬೆ. ಕರ್ನಾಟಕದ ಗೊಂಬೆಗಳಲ್ಲಿ ಗಾತ್ರವೇ ಅಂತಸ್ತಿನ ಗುರುತು. ದೇವತೆಗಳು, ಅರಸರು ದೊಡ್ಡವರು, ಸೇವಕರು ಮತ್ತು ಸಾಮಾನ್ಯರು ಚಿಕ್ಕವರು. ಹದಮಾಡಿದ ತೊಗಲನ್ನು ಕತ್ತರಿಸಿ, ಉಳಿಯಿಂದ ರಂಧ್ರ ಕೊರೆದು, ಬಣ್ಣ ಹಚ್ಚಿ ಮಾಡಿದ ಗೊಂಬೆ ಪರದೆಯ ಮೇಲೆ ಹಿಗ್ಗಲಾರದು, ಕುಗ್ಗಲಾರದು. ಆದ್ದರಿಂದ ಒಂದೇ ಪಾತ್ರಕ್ಕೆ ಸನ್ನಿವೇಶಕ್ಕೆ ತಕ್ಕಂತೆ ಒಂದಕ್ಕಿಂತ ಹೆಚ್ಚು ಗೊಂಬೆಗಳಿರುತ್ತವೆ. ರೂಪ ಬದಲಾಗಬೇಕಾದಾಗ ಸೂತ್ರಧಾರ ಒಂದನ್ನು ತೆಗೆದು ಮತ್ತೊಂದನ್ನು ದೀಪದ ಮುಂದೆ ಹಿಡಿಯುತ್ತಾನೆ. ಇವೆರಡೂ ಒಂದೇ ಪಾತ್ರವೆಂದು ನಂಬಿಸುವ ಹೊಣೆ ಅವನ ದನಿಯ ಮೇಲೆ ಮತ್ತು ಹಿಮ್ಮೇಳದ ಮೇಲೆ ಬೀಳುತ್ತದೆ. ಬೌಸರ್‌ನ ರೂಪಾಂತರವೂ ಸ್ಥೂಲವಾಗಿ ಇದೇ ಬಗೆಯದು: ಒಂದು ಆಕೃತಿಯ ಜಾಗದಲ್ಲಿ ಬೇರೆ ಶಕ್ತಿ, ಬೇರೆ ಗಾತ್ರದ ಮತ್ತೊಂದು ಆಕೃತಿ ಬಂದು ನಿಲ್ಲುತ್ತದೆ. ಎರಡೂ ಕಡೆ ರೂಪಾಂತರವೆಂದರೆ ಬದಲಿ ಆಕೃತಿಯ ಸ್ಥಾಪನೆ ಎಂಬುದು ಗಮನಾರ್ಹ.

ಸಾಮ್ಯ ಇಲ್ಲಿಗೆ ನಿಲ್ಲುತ್ತದೆ. ವ್ಯತ್ಯಾಸವು ರೂಪಾಂತರದ ಬೆಲೆಯಲ್ಲಿದೆ. ಭಾರತದ ದ್ರೋಣಪರ್ವದ ರಾತ್ರಿಯುದ್ಧವನ್ನು ಇಲ್ಲಿ ನೆನೆಯಬಹುದು. ಕರ್ಣನ ಬಳಿ ಒಮ್ಮೆ ಮಾತ್ರ ಬಳಸಬಹುದಾದ ಇಂದ್ರದತ್ತ ಶಕ್ತ್ಯಾಯುಧವಿದೆ. ಹುಟ್ಟಿನಿಂದ ಬಂದ ಕವಚ ಕುಂಡಲಗಳನ್ನು ಕಳಚಿಕೊಟ್ಟು ಅವನು ಅದನ್ನು ಪಡೆದಿದ್ದಾನೆ. ಅರ್ಜುನನಿಗೆಂದು ಕಾದಿರಿಸಿದ ಅದನ್ನು ಘಟೋತ್ಕಚನ ಮೇಲೆ ಎಸೆಯಬೇಕಾಗುತ್ತದೆ. ಘಟೋತ್ಕಚನಾದರೋ ಸಾಯುವ ಕ್ಷಣದಲ್ಲಿ ಮೈಯನ್ನು ಪರ್ವತದಂತೆ ಹಿಗ್ಗಿಸಿ ಕೌರವ ಸೇನೆಯ ಮೇಲೆ ಬೀಳುತ್ತಾನೆ. ಒಮ್ಮೆ ಮಾತ್ರ ದಕ್ಕುವ ಅಸ್ತ್ರ, ಗಳಿಗೆ ಮಾತ್ರ ನಿಲ್ಲುವ ಮಹಾಕಾಯ ಎರಡೂ ಈ ಒಂದೇ ಪ್ರಸಂಗದಲ್ಲಿವೆ. ಮೊದಲನೆಯದರ ಬೆಲೆ ಕರ್ಣನ ಮುಂದಿನ ಸಾವು, ಎರಡನೆಯದರ ಬೆಲೆ ಘಟೋತ್ಕಚನ ಅಂದಿನ ಸಾವು.

ವಿಡಿಯೋ ಆಟಗಳಿಗೆ ಬೆಲೆಯ ಕಲ್ಪನೆಯೇ ಇಲ್ಲವೆಂದು ಹೇಳುವಂತಿಲ್ಲ. ಸೋನಿಕ್‌ನ ಹೊಂಬಣ್ಣದ ರೂಪ ಮೊದಲು ಕಾಣಿಸಿಕೊಂಡದ್ದು 1992ರ 'ಸೋನಿಕ್ ದಿ ಹೆಡ್ಜ್‌ಹಾಗ್ 2'ರಲ್ಲಿ. ಅಲ್ಲಿ ಅದಕ್ಕಾಗಿ ಏಳು ಪಚ್ಚೆಗಳನ್ನು ಗಳಿಸಬೇಕು, ಕೈಯಲ್ಲಿ 50 ಉಂಗುರಗಳಿರಬೇಕು. ರೂಪ ಬದಲಾದ ಮೇಲೆ ಸೆಕೆಂಡಿಗೊಂದರಂತೆ ಉಂಗುರಗಳು ಕರಗಿ, ಅವು ತೀರಿದಾಗ ರೂಪವೂ ತೀರುತ್ತದೆ. ಅದೇ ಸೋನಿಕ್ 2008ರ ಕಾಳಗದ ಆಟಕ್ಕೆ ಬಂದಾಗ ಪಚ್ಚೆ, ಉಂಗುರಗಳ ಲೆಕ್ಕ ಅಳಿಸಿಹೋಗಿ ಚೆಂಡೊಂದೇ ಉಳಿಯಿತು. ರೂಪಾಂತರದ ಅವಧಿ ಉಳಿದು ಬೆಲೆ ಕಳಚಿದ್ದು ಇಲ್ಲಿ. ಈ ಬಗೆಯ ವಸ್ತುಗಳ ಬಡತನವನ್ನು ಅವುಗಳ ಕ್ಷಣಿಕತೆಯಲ್ಲಿ ಹುಡುಕುವುದು ತಪ್ಪಾಗುತ್ತದೆ; ಕ್ಷಣಿಕತೆ ಘಟೋತ್ಕಚನಿಗೂ ಇದೆ.

ಆದರೆ ಈ ತೀರ್ಮಾನವನ್ನು ಒಮ್ಮುಖವಾಗಿ ಹೇಳಲಾಗದು. ಪುರಾಣದಲ್ಲಿ ಮಹಾರೂಪ ಸಿಕ್ಕುವುದು ಬಹುಮಟ್ಟಿಗೆ ಹುಟ್ಟು, ವರ ಅಥವಾ ಶಾಪದಿಂದ. ತೇಲುವ ಚೆಂಡಾದರೋ ಯಾರ ಕುಲವನ್ನೂ ಕೇಳುವುದಿಲ್ಲ. ತೀರ ಹಿಂದೆ ಬಿದ್ದ ಆಟಗಾರನಿಗೆ ಚೆಂಡಿಲ್ಲದೆಯೂ ಪರಮಾಸ್ತ್ರ ದೊರೆಯುವ ನಿಯಮವೊಂದು 'ಬ್ರಾಲ್'ನಲ್ಲಿತ್ತು. ಗಾತ್ರವನ್ನು ಅಂತಸ್ತಿಗೆ ಕಟ್ಟಿಹಾಕಿದ ಪರದೆಯ ಪಕ್ಕದಲ್ಲಿಟ್ಟು ನೋಡಿದರೆ ಇದು ಸಣ್ಣ ಮಾತಲ್ಲ. ನುರಿತ ಆಟಗಾರರು ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಇಂತಹ ವಸ್ತುಗಳನ್ನು ಕೈಬಿಟ್ಟೇ ಆಡುತ್ತಾರೆ ಎಂಬುದನ್ನೂ ಮರೆಯಬಾರದು. ಅದೃಷ್ಟದಿಂದ ಬಂದ ಬಲ ಕೌಶಲದ ಕಾಳಗಕ್ಕೆ ಸಲ್ಲದೆಂಬುದು ಅವರ ನಿಲುವು. ಧರ್ಮಯುದ್ಧದ ನಿಯಮಗಳನ್ನು ಕುರಿತ ನಮ್ಮ ಹಳೆಯ ಚರ್ಚೆಯೇ ಇಲ್ಲಿ ಬೇರೆ ಮಾತಿನಲ್ಲಿ ನಡೆದಿದೆ.

ತೊಗಲುಗೊಂಬೆಯ ಪರದೆಯೂ ತನ್ನ ನಿಯಮವನ್ನು ತಾನೇ ಮೀರುವ ಒಂದು ಸಂದರ್ಭವುಂಟು. ರಾಮಾಯಣದ ಹನುಮಂತ ದೂತ. ಅಂತಸ್ತಿನ ಲೆಕ್ಕದಲ್ಲಿ ಸೇವಕ. ಅವನು ಬೆಳೆದು ನಿಂತಾಗ ಗಾತ್ರ ಮತ್ತು ಪದವಿಯ ನಂಟು ಕಡಿಯುತ್ತದೆ. ಅಷ್ಟೇ ಮುಖ್ಯವಾದುದು ಅವನ ಹಿಂದಿರುಗುವಿಕೆ. ಸುರಸೆಯ ಬಾಯಿಂದ ಅವನು ಪಾರಾಗುವುದು ಹೆಬ್ಬೆರಳಿನಷ್ಟಾಗಿ. ಸೀತೆಗೆ ಮಹಾರೂಪ ತೋರಿದ ಮೇಲೆ ಮತ್ತೆ ಚಿಕ್ಕವನಾಗುತ್ತಾನೆ. ವಿಡಿಯೋ ಆಟದಲ್ಲಿ ಮರಳುವಿಕೆ ಗಡುವು ತೀರಿದ್ದರ ಸೂಚನೆಯಷ್ಟೇ. ಹನುಮಂತನಲ್ಲಿ ಅದು ವಿವೇಕದ ಕ್ರಿಯೆ.

ಈ ವಿವೇಚನೆಗೆ ಪ್ರಾಯೋಗಿಕವಾದ ಒಂದು ಮುಖವೂ ಇದೆ. ಗೊಂಬೆಗಳು ಮನೆತನಗಳ ಪೆಟ್ಟಿಗೆಗಳಿಂದ ಸಂಗ್ರಾಹಕರ ಗೋಡೆಗಳಿಗೆ ಬಿಡಿಬಿಡಿಯಾಗಿ ಹೋಗುತ್ತಿರುವಾಗ, ಒಂದೇ ಪಾತ್ರದ ಚಿಕ್ಕ ಗೊಂಬೆ ಒಂದೆಡೆ, ದೊಡ್ಡದು ಇನ್ನೊಂದೆಡೆ ಸೇರಿದರೆ ಉಳಿಯುವುದು ಎರಡು ಚಿತ್ರಗಳು ಮಾತ್ರ. ಅವುಗಳ ನಡುವಿನ ರೂಪಾಂತರ ಅಳಿಯುತ್ತದೆ. ವಿಡಿಯೋ ಆಟಗಳ ವಿಷಯದಲ್ಲಿಯೂ ಹೀಗೆಯೇ: 2018ರ 'ಅಲ್ಟಿಮೇಟ್' ಆವೃತ್ತಿಯಲ್ಲಿ ಗಿಗಾ ಬೌಸರ್‌ನ ಆರ್ಭಟ ಒಂದೇ ಗುದ್ದಿಗೆ ಇಳಿದಿದೆ, ಅದರ ಹಿಂದಿನ ಸ್ವರೂಪವನ್ನು ತಿಳಿಯಲು ಹಳೆಯ ಆವೃತ್ತಿಯೇ ಬೇಕು. ಆದ್ದರಿಂದ ಸಂಗ್ರಹಾಲಯಗಳು ಮತ್ತು ಗ್ರಂಥಾಲಯಗಳು ಗೊಂಬೆಗಳನ್ನು ಪಾತ್ರವಾರು ಕೂಟಗಳಾಗಿ, ಯಾವ ಗೊಂಬೆ ಯಾವುದರ ಬದಲಿಗೆ ಯಾವ ಸನ್ನಿವೇಶದಲ್ಲಿ ಬರುತ್ತದೆಂಬ ವಿವರದೊಡನೆ ದಾಖಲಿಸುವುದು ಅವಶ್ಯಕ. ಆ ವಿವರ ಬಲ್ಲವರು ಮೊರನಾಳದಂತಹ ಊರುಗಳ ಹಿರಿಯ ಕಲಾವಿದರು. ಕೇಳಿ ಬರೆದುಕೊಳ್ಳುವ ಕೆಲಸ ಅವರಿರುವಾಗಲೇ ಆಗಬೇಕು.